ನಮ್ಮ ಕೋಡಿ, ಕಡಲ ಕೋಡಿ

ನಮ್ಮ ಕಡೆ ಕೋಡಿ ಅಂದರೆ ಕೆರೆ ತುಂಬಿ ನೀರು ಹೊರಹೋಗುವ ಜಾಗ. 2021ರ ನವೆಂಬರ್ ಮಳೆಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ವರ್ಷಗಳ ಮೇಲೆ ಕೆರೆಗಳು ಕೋಡಿ ಹರಿದವು, ಊರೂರಲ್ಲಿ ಪೂಜೆ ನಡೆಯಿತು. ಉಡುಪಿ ಕಡೆ ಕೋಡಿ ಅಂದರೆ ಬೇರೆಯೇ, ನೀರಿನೊಳಕ್ಕೆ ಚಾಚಿದ ನೆಲದ ತುದಿ. ಇದು ನಮಗೆ ಗೊತ್ತಾಗಿದ್ದು ಕೋಡಿ ಬೆಂಗ್ರೆಗೆ ಹೋದಾಗ.

ಅಲ್ಲಿ ಒಂದು ಪಕ್ಕ ಅರಬ್ಬಿ ಸಮುದ್ರ, ಇನ್ನೊಂದು ಪಕ್ಕ ಹೊಳೆ, ನಡುವೆ ಸಣ್ಣ ಮರಳಪಟ್ಟಿ. ಸೀತಾ ಮತ್ತು ಸುವರ್ಣಾ ನದಿಗಳು ಕಡಲು ಸೇರುವ ಅಳಿವೆ ಅದು. ಬೆಳಿಗ್ಗೆ ಇಳಿತದಲ್ಲಿ ನಾವು ಓಡಾಡಿದ್ದ ಮರಳದಿಣ್ಣೆ ಮಧ್ಯಾಹ್ನ ಕಾಣಲೇ ಇಲ್ಲ. ಕೆರೆ ನೀರು ವರ್ಷಕ್ಕೊಮ್ಮೆ ಬರುತ್ತದೆ, ಬಂದರೆ. ಕಡಲ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ದಿನದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ಏರಿಳಿತ ಜಾಸ್ತಿ. ಇದನ್ನು ನಮಗೆ ಯಾವ ಶಾಲೆಯಲ್ಲೂ ಹೀಗೆ ಹೇಳಿರಲಿಲ್ಲ, ಬಲೆ ಸರಿಮಾಡುತ್ತಿದ್ದ ಅಜ್ಜರೊಬ್ಬರು ಹೇಳಿದರು.

ಮಾರನೇ ದಿನ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದೆವು. ವಾಸ್ಕೋ ಡ ಗಾಮ ಮೊದಲು ಇಲ್ಲಿ ಇಳಿದು ಆಮೇಲೆ ಕಲ್ಲಿಕೋಟೆಗೆ ಹೋದ ಅಂತ ತುಂಬ ಜನ ಹೇಳುತ್ತಾರೆ. ಅದು ಉಲ್ಟಾ. ಅವನು ಕಲ್ಲಿಕೋಟೆ ಮುಟ್ಟಿದ್ದು 1498ರ ಮೇ ತಿಂಗಳಲ್ಲಿ. ಅಲ್ಲಿನ ಸಾಮೂತಿರಿ ಜೊತೆ ಸರಿಹೋಗದೆ ಆಗಸ್ಟ್ ಕೊನೆಯಲ್ಲಿ ಹೊರಟು, ವಾಪಸ್ ಹೋಗುವ ದಾರಿಯಲ್ಲಿ, ಸೆಪ್ಟೆಂಬರ್‌ನಲ್ಲಿ ದಡದ ಹತ್ತಿರದ ಒಂದು ದ್ವೀಪದಲ್ಲಿ ಕಲ್ಲಿನ ಕಂಬ ನೆಡಿಸಿ ಸಾಂತಾ ಮರಿಯಾ ಹೆಸರಿಟ್ಟ. ಆ ಯಾನದ ದಿನಚರಿಯಲ್ಲೇ ಹಾಗಿದೆ. ಆ ದ್ವೀಪ ಇದೇ ಅನ್ನುವುದು ನಂಬಿಕೆ. ಕಂಬ ಈಗಿಲ್ಲ, ಹೆಸರು ಉಳಿದಿದೆ. ಇಲ್ಲಿ ಇರುವುದು ಒಂದೇ ದ್ವೀಪವಲ್ಲ, ಒಂದು ಸಾಲು. ಅದರಲ್ಲಿ ದರಿಯಾ ಬಹದ್ದೂರ್‌ಗಡ ಅನ್ನುವ ದ್ವೀಪದಲ್ಲಿ ಬಿದನೂರಿನ ಬಸಪ್ಪ ನಾಯಕ ಕಟ್ಟಿಸಿದ್ದೆನ್ನುವ ಕೋಟೆಯ ಅವಶೇಷ ಇದೆ.

ಆದರೆ ನಮ್ಮ ಕಣ್ಣು ನೆಟ್ಟಿದ್ದು ಬಂಡೆಗಳ ಮೇಲೆ. ಆರು ಮೂಲೆಯ ಕಂಬಗಳನ್ನು ಒತ್ತೊತ್ತಾಗಿ ಜೋಡಿಸಿಟ್ಟ ಹಾಗೆ! ಸುಮಾರು 8.8 ಕೋಟಿ ವರ್ಷದ ಹಿಂದೆ, ನಮ್ಮ ನೆಲ ಮಡಗಾಸ್ಕರ್‌ನಿಂದ ಬೇರೆಯಾಗುವ ಕಾಲದ ಲಾವಾ ಇದು. ತಣ್ಣಗಾಗುತ್ತಾ ಕುಗ್ಗಿ ಬಿರುಕು ಬಿಟ್ಟಿದೆ, ಬೇಸಿಗೆಯಲ್ಲಿ ಕೆರೆಯಂಗಳದ ಜೇಡಿಮಣ್ಣು ಬಿರಿಯುತ್ತದಲ್ಲ, ಹಾಗೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ನೋಡಲು ದೋಣಿಗೆ ಕ್ಯೂ. ಅದೇ ಪಟ್ಟಿಯಲ್ಲಿ ಕೆಜಿಎಫ್ ಹತ್ತಿರದ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಯೂ ಇದೆ. ಅದಕ್ಕೆ ಸುಮಾರು 270 ಕೋಟಿ ವರ್ಷ. ನಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ನಾವೂ ಈ ದ್ವೀಪದಿಂದ ಬಂದ ಮೇಲೇ ಹುಡುಕಿಕೊಂಡು ಹೋಗಿದ್ದು.

ಇನ್ನೊಂದು ಮಾತು ಹೇಳದೆ ಇರಲಾಗದು. 2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಹೋಗಿದ್ದ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಲ್ಲಿ ತೀರಿಕೊಂಡರು. ನಮ್ಮ ಮಕ್ಕಳು ಬಾವಿ, ಕುಂಟೆಯಲ್ಲಿ ಈಜು ಕಲಿತವರು, ಎಷ್ಟೋ ಜನ ಅದನ್ನೂ ಕಲಿತಿಲ್ಲ. ಕಡಲಲ್ಲಿ ಅಲೆ ಕಡಿಮೆ ಇರುವ ಜಾಗ ಶಾಂತ ಅಂದುಕೊಳ್ಳುತ್ತೇವೆ. ದಡಕ್ಕೆ ಬಂದ ನೀರು ರಭಸವಾಗಿ ಹಿಂದಕ್ಕೆ ಹೋಗುವ ಸೆಳೆತ ಎಷ್ಟೋ ಸಲ ಅಲ್ಲೇ ಇರುತ್ತದೆ. ಸಿಕ್ಕಿಕೊಂಡವರು ದಡದ ಕಡೆಗೆ ನೇರ ಈಜಿ ದಣಿಯುತ್ತಾರೆ. ದಡದ ಉದ್ದಕ್ಕೆ, ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು, ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಬೇಕು. ಮಳೆಗಾಲದಲ್ಲಿ ಈ ದ್ವೀಪಕ್ಕೆ ಪ್ರವಾಸಿಗರ ದೋಣಿಯೇ ಬಿಡುವುದಿಲ್ಲ.

ವಾಪಸ್ ಬರುವಾಗ ದೋಣಿಯವರು ಯಾವ ಊರು ಅಂದರು. ಕೋಲಾರ ಅಂದೆವು. "ಚಿನ್ನ ಉಂಟಾ ಈಗಲೂ?" ಅಂತ ಕೇಳಿದರು. ಗಣಿ 2001ರಲ್ಲೇ ಮುಚ್ಚಿತು ಅಂದೆವು. ನಕ್ಕು, ಲೈಫ್ ಜಾಕೆಟ್ ಬಿಚ್ಚುತ್ತಿದ್ದ ನಮ್ಮ ಹುಡುಗನಿಗೆ ಮತ್ತೆ ಹಾಕಿಕೋ ಅಂತ ಗದರಿದರು.