ದೂರವಾಣಿ ನಗರದ ಪಾಠ
ಟಿನ್ ಫ್ಯಾಕ್ಟರಿ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರದ ಕಡೆ ಹೊರಟರೆ ದೂರವಾಣಿ ನಗರ ಸಿಗುತ್ತದೆ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) 1948ರಲ್ಲಿ ಹುಟ್ಟಿದ್ದು ಇಲ್ಲಿ. ಬೆಂಗಳೂರಿನ ಸಾಫ್ಟ್‌ವೇರ್ ಕಥೆಯನ್ನು ಸಾಮಾನ್ಯವಾಗಿ 1980ರ ದಶಕದಿಂದ ಶುರುಮಾಡುತ್ತಾರೆ. ಆದರೆ ತಂತಮ್ಮ ತೀರ್ಮಾನ ತಾವೇ ಮಾಡುವ ಹಲವು ಘಟಕಗಳನ್ನು ಒಂದೇ ಕೆಲಸಕ್ಕೆ ಹೂಡುವುದು ಹೇಗೆ? ಇಂದಿನ ಬಹು-ಏಜೆಂಟ್ ವ್ಯವಸ್ಥೆಗಳ ಈ ಮೂಲ ಪ್ರಶ್ನೆ ನಗರದ ಪೂರ್ವಭಾಗಕ್ಕೆ ಎದುರಾದದ್ದು ಅದಕ್ಕೂ ಬಹಳ ಮೊದಲು.

ಐಟಿಐ ತಯಾರಿಸಿದ ಮೊದಲ ಎಕ್ಸ್‌ಚೇಂಜ್‌ಗಳು ಸ್ಟ್ರೋಜರ್ ಬಗೆಯವು. ಚಂದಾದಾರ 5 ಡಯಲ್ ಮಾಡಿದರೆ ಐದು ವಿದ್ಯುತ್ ಮಿಡಿತಗಳು ಹೊರಡುತ್ತಿದ್ದವು. ಸೆಲೆಕ್ಟರ್ ಎಂಬ ಯಂತ್ರದ ತೋಳು ಟಕಟಕನೆ ಐದು ಹಂತ ಮೇಲೇರಿ, ಆಮೇಲೆ ಅಡ್ಡಕ್ಕೆ ತಿರುಗುತ್ತ ಆ ಸಾಲಿನಲ್ಲಿ ಯಾವ ತಂತಿ ಬಿಡುವಾಗಿದೆ ಎಂದು ಒಂದೊಂದನ್ನೇ ಮುಟ್ಟಿ ನೋಡುತ್ತಿತ್ತು. ಬಿಡುವಾದದ್ದು ಸಿಕ್ಕರೆ ಹಿಡಿದು, ಮುಂದಿನ ಅಂಕಿಯ ಕೆಲಸವನ್ನು ಮುಂದಿನ ಸೆಲೆಕ್ಟರಿಗೆ ಬಿಡುತ್ತಿತ್ತು. ಇಡೀ ಕರೆಯ ದಾರಿ ಯಾವ ಒಂದು ಯಂತ್ರಕ್ಕೂ ಗೊತ್ತಿರಲಿಲ್ಲ. ಆದರೂ ಕರೆ ಸೇರುವಲ್ಲಿಗೆ ಸೇರುತ್ತಿತ್ತು.

1960ರ ದಶಕದಲ್ಲಿ ಬೆಲ್ಜಿಯಂನಿಂದ ಪೆಂಟಾಕೊಂಟಾ ಕ್ರಾಸ್‌ಬಾರ್ ಎಕ್ಸ್‌ಚೇಂಜ್ ಬಂತು. ಇದರಲ್ಲಿ ಅಂಕಿಗಳನ್ನೆಲ್ಲ ರಿಜಿಸ್ಟರ್ ಒಟ್ಟುಮಾಡಿಕೊಳ್ಳುತ್ತದೆ. ಎಲ್ಲ ಕರೆಗಳಿಗೂ ಸಾಮಾನ್ಯವಾದ ಕೆಲವೇ ಮಾರ್ಕರ್‌ಗಳು ದಾರಿ ಗೊತ್ತುಮಾಡುತ್ತವೆ. ಅದು ಎಡವಿದ್ದು ಬಳಕೆಯ ಅಂದಾಜಿನಲ್ಲಿ. ಯುರೋಪಿನಲ್ಲಿ ಒಂದು ಫೋನಿಗೆ ಎಷ್ಟು ಕರೆ ಬರಬಹುದೆಂಬ ಲೆಕ್ಕದ ಮೇಲೆ ಅದರ ವಿನ್ಯಾಸ ನಿಂತಿತ್ತು. ಭಾರತದಲ್ಲಿ ಫೋನ್‌ಗಳು ಕಡಿಮೆ, ಒಂದೊಂದನ್ನೂ ಬಳಸುವವರು ಬಹಳ. ಲೈನ್ ಸಿಗದಿದ್ದರೆ ಜನ ತಕ್ಷಣ ಮತ್ತೆ ಡಯಲ್ ಮಾಡುತ್ತಿದ್ದರು. ಒಂದು ಸೋಲು ಇನ್ನಷ್ಟು ಕರೆಗಳನ್ನು ಹುಟ್ಟಿಸಿ ಮಾರ್ಕರ್‌ಗಳ ಮೇಲಿನ ಹೊರೆ ಹೆಚ್ಚಿಸುತ್ತಿತ್ತು. ಕೊನೆಗೆ ನಮ್ಮ ಎಂಜಿನಿಯರುಗಳೇ ಇಲ್ಲಿನ ಬಳಕೆಗೆ ತಕ್ಕಂತೆ ಅದನ್ನು ತಿದ್ದಿ, ಭಾರತೀಯ ಕ್ರಾಸ್‌ಬಾರ್ ರೂಪಿಸಬೇಕಾಯಿತು.

ಆ ಪೆಟ್ಟು ತಿಂದ ದೇಶ ಮುಂದಿನ ಸಲ ಮೊದಲಿಂದಲೇ ಇಲ್ಲಿನ ಸ್ಥಿತಿ ನೋಡಿ ವಿನ್ಯಾಸ ಮಾಡಿತು. 1984ರ ಆಗಸ್ಟ್‌ನಲ್ಲಿ ಸ್ಥಾಪನೆಯಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ದೆಹಲಿ ಮತ್ತು ಬೆಂಗಳೂರಿನಲ್ಲಿ ಕೆಲಸ ಮಾಡಿತು. ಅದರ ಮುಂದಿದ್ದ ಗಡುವು 36 ತಿಂಗಳು, ಬಜೆಟ್ 36 ಕೋಟಿ ರೂಪಾಯಿ. ಹವಾನಿಯಂತ್ರಣವಿಲ್ಲದೆ ನಡೆಯುವ ಅದರ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಕಿತ್ತೂರಿನಲ್ಲಿ ಕೆಲಸ ಶುರುಮಾಡಿತು.

ಸಿ-ಡಾಟ್‌ನ ದೊಡ್ಡ ಎಕ್ಸ್‌ಚೇಂಜ್‌ನಲ್ಲಿ ನಿಯಂತ್ರಣ ಮತ್ತೆ ಹಂಚಿಹೋಯಿತು, ಈ ಸಲ ಸಾಫ್ಟ್‌ವೇರ್‌ನಲ್ಲಿ. ಪ್ರತಿ ಬೇಸ್ ಮಾಡ್ಯೂಲ್‌ಗೂ ಸ್ವಂತ ಪ್ರೊಸೆಸರ್ ಇದೆ. ತನ್ನ ಚಂದಾದಾರರ ಕರೆಗಳನ್ನು ಅದೇ ನೋಡಿಕೊಳ್ಳುತ್ತದೆ. ಬೇರೆ ಮಾಡ್ಯೂಲ್ ಬೇಕಾದಾಗ ಸೆಂಟ್ರಲ್ ಮಾಡ್ಯೂಲ್ ಮೂಲಕ ಸಂದೇಶ ಕಳಿಸುತ್ತದೆ. ಮುಖ್ಯ ಪ್ರೊಸೆಸರ್ ಕೆಟ್ಟರೆ ಕೆಲಸ ವಹಿಸಿಕೊಳ್ಳಲು ಜೋಡಿ ಪ್ರೊಸೆಸರ್ ಸಿದ್ಧವಿರುತ್ತದೆ. ಇಂಥದ್ದನ್ನು ಪರೀಕ್ಷಿಸುವುದು ಕಷ್ಟದ ಕೆಲಸ. ಬಿಡಿಬಿಡಿಯಾಗಿ ಎಲ್ಲ ಮಾಡ್ಯೂಲ್‌ಗಳೂ ಸರಿಯಿರಬಹುದು. ಎರಡು ಸಂದೇಶ ಹಿಂದುಮುಂದಾಗಿ ಬಂದರೆ ಸಾಕು, ಕರೆ ತಪ್ಪುತ್ತದೆ. ಹಾಗಾಗಿ ಕೃತಕ ಕರೆಗಳ ಹೊರೆ ಹೇರಿ, ಬೇಕೆಂದೇ ಒಂದು ಪ್ರೊಸೆಸರ್ ಕೆಡಿಸಿ, ಉಳಿದವು ಏನು ಮಾಡುತ್ತವೆಂದು ನೋಡಲೇಬೇಕು.

ಇಂದಿರಾನಗರದಾಚೆಯ ಸಿ.ವಿ. ರಾಮನ್ ನಗರದಲ್ಲಿ ಹಲವು ಘಟಕಗಳನ್ನು ಕೂಡಿ ದುಡಿಸುವ ಈ ವಿದ್ಯೆಗೆ ‘ಬಹು-ಏಜೆಂಟ್’ ಎಂಬ ಈಗಿನ ಹೆಸರೇ ಸೇರಿಕೊಂಡಿತು. ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರ, ಅಂದರೆ ‘ಕೇರ್’, ಹುಟ್ಟಿದ್ದು 1986ರಲ್ಲೇ. ಗಣಿತಜ್ಞ ಎಂ. ವಿದ್ಯಾಸಾಗರ್ 1989ರಿಂದ ಅದನ್ನು ಮುನ್ನಡೆಸಿದರು. ಗೋಡೆ ಹತ್ತುವ, ಹಾವಿನಂತೆ ತೆವಳುವ, ಕಾಲುಗಳ ಮೇಲೆ ನಡೆಯುವ ರೋಬಾಟ್‌ಗಳನ್ನು ಮಾಡಿದ ಈ ಕೇಂದ್ರ, 2010ರ ದಶಕದಲ್ಲಿ ಬಗೆಬಗೆಯ ರೋಬಾಟ್‌ಗಳನ್ನು ಸೈನಿಕರ ತುಕಡಿಯಂತೆ ಕೂಡಿ ದುಡಿಸುವ ‘ಮಲ್ಟಿ ಏಜೆಂಟ್ ರೋಬಾಟಿಕ್ಸ್ ಫ್ರೇಮ್‌ವರ್ಕ್’ ಯೋಜನೆ ಕೈಗೆತ್ತಿಕೊಂಡಿತು.

ಬಹು-ಏಜೆಂಟ್ ತಂತ್ರಾಂಶ ಬರೆಯುವ ತರುಣರು ಇಂದು ಬೆಂಗಳೂರಿನಲ್ಲಿ ಸಾವಿರಾರು. ಅವರ ಪಠ್ಯಗಳಲ್ಲಿ ವಿದೇಶಿ ಉದಾಹರಣೆಗಳೇ ತುಂಬಿವೆ. ಪೆಂಟಾಕೊಂಟಾ ಎಡವಿದ ಬಗೆಯನ್ನೂ ಸಿ-ಡಾಟ್ ಕೆಲಸ ಹಂಚಿದ ರೀತಿಯನ್ನೂ ಕಾಲೇಜುಗಳು ಪಾಠವಾಗಿ ಕಲಿಸಬೇಕು. ಆ ಯಂತ್ರಗಳೊಂದಿಗೆ ದುಡಿದ ಐಟಿಐ ನಿವೃತ್ತರು ನಮ್ಮ ನಡುವೆ ಇರುವಾಗಲೇ ಅವರ ಅನುಭವವನ್ನು ಬರೆದಿಟ್ಟುಕೊಳ್ಳಬೇಕು.