ಹದಿನೆಂಟು ನಿಮಿಷದ ಬೆಂಚು: ಥ್ಯಾಂಕ್ಸ್‌ಗಿವಿಂಗ್ ರೇಡಿಯೊ ಮತ್ತು ‘ಆಲಿಸಸ್ ರೆಸ್ಟೊರೆಂಟ್’ ಹಾಡಿನ ಕೇಳುಗರು

ನವೆಂಬರಿನ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಂದು ಅಮೆರಿಕದ ಹಲವು ಎಫ್‌ಎಂ ಕೇಂದ್ರಗಳು ಉಳಿದ ದಿನಗಳಲ್ಲಿ ಮಾಡದ ಕೆಲಸವೊಂದನ್ನು ಮಾಡುತ್ತವೆ. ಜಾಹೀರಾತುಗಳನ್ನು ಬದಿಗಿಟ್ಟು, 18 ನಿಮಿಷ 34 ಸೆಕೆಂಡಿನ ಒಂದೇ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಕುತ್ತವೆ. ಅದು ಆರ್ಲೊ ಗತ್ರಿಯ ‘ಆಲಿಸಸ್ ರೆಸ್ಟೊರೆಂಟ್ ಮ್ಯಾಸಕ್ರೀ’. ನ್ಯೂಯಾರ್ಕಿನ ಕ್ಯೂ104.3, ಫಿಲಡೆಲ್ಫಿಯಾದ ಡಬ್ಲ್ಯುಎಂಎಂಆರ್‌ನಂಥ ಕೇಂದ್ರಗಳಲ್ಲಿ ಹಬ್ಬದ ಊಟದಷ್ಟೇ ಈ ಹಾಡೂ ಖಾತ್ರಿ. ಅದು ಶುರುವಾದ ಕೂಡಲೇ ಒಂದೇ ಮನೆಯಲ್ಲಿ ಒಬ್ಬರು ದನಿ ಏರಿಸುತ್ತಾರೆ, ಇನ್ನೊಬ್ಬರು ‘ಮತ್ತೆ ಶುರುವಾಯಿತಲ್ಲ’ ಎಂದು ಎದ್ದು ಹೋಗುತ್ತಾರೆ.

ಕೇಳುಗರ ಈ ಒಡಕನ್ನು ರಾಜಕೀಯದ ಒಡಕು ಎಂದೋ ತಲೆಮಾರುಗಳ ಒಡಕು ಎಂದೋ ವಿವರಿಸಿ ಕೈತೊಳೆದುಕೊಳ್ಳುವುದು ರೂಢಿ. ಎರಡರಲ್ಲೂ ಸ್ವಲ್ಪ ನಿಜವಿದೆ, ಆದರೆ ಸ್ವಲ್ಪವೇ. ಒಡಕು ಹಾಡಿನ ಒಳಗೇ ಇದೆ, ಅಲ್ಲಿನ ಬೆಸುಗೆಯ ಜಾಗದಲ್ಲೇ ಕೇಳುಗರೂ ಬೇರೆಯಾಗುತ್ತಾರೆ ಎಂಬುದು ನನ್ನ ವಾದ. ನಾನಿಲ್ಲಿ ಕೇಳುಗರ ಸಮೀಕ್ಷೆ ನಡೆಸಿಲ್ಲ. ಹಾಡಿನ ಕಟ್ಟಡವನ್ನೂ ಅದರ ಪ್ರಸಾರದ ಇತಿಹಾಸವನ್ನೂ ಅಕ್ಕಪಕ್ಕ ಇಟ್ಟು ಓದಿದ್ದೇನೆ.

ಮೊದಲು ಘಟನೆ. 1965ರ ನವೆಂಬರ್ 25, ಥ್ಯಾಂಕ್ಸ್‌ಗಿವಿಂಗ್ ದಿನ. ಮ್ಯಾಸಚೂಸೆಟ್ಸ್ ರಾಜ್ಯದ ಗ್ರೇಟ್ ಬ್ಯಾರಿಂಗ್ಟನ್‌ನಲ್ಲಿ, ಪೂಜೆ ನಿಂತುಹೋದ ಒಂದು ಹಳೆಯ ಚರ್ಚು. ಅದನ್ನೇ ಮನೆ ಮಾಡಿಕೊಂಡಿದ್ದವರು ಆಲಿಸ್ ಮತ್ತು ರೇ ಬ್ರಾಕ್ ದಂಪತಿ. ಆಲಿಸ್ ಹತ್ತಿರದ ಶಾಲೆಯೊಂದರಲ್ಲಿ ಗ್ರಂಥಪಾಲಕಿ, ಆರ್ಲೊ ಅದೇ ಶಾಲೆಯಲ್ಲಿ ಓದಿದ ಹುಡುಗ. ಹಬ್ಬದೂಟಕ್ಕೆ ಬಂದಿದ್ದ ಹದಿನೆಂಟರ ಆರ್ಲೊ ಮತ್ತು ಅವನ ಗೆಳೆಯ, ಚರ್ಚಿನಲ್ಲಿ ರಾಶಿಬಿದ್ದಿದ್ದ ಕಸವನ್ನು ಗಾಡಿಗೆ ತುಂಬಿಕೊಂಡು ಹೊರಟರು. ಹಬ್ಬವೆಂದು ಕಸ ಹಾಕುವ ಜಾಗಕ್ಕೆ ಬೀಗ. ಪಕ್ಕದ ಸ್ಟಾಕ್‌ಬ್ರಿಜ್ ಊರಿನ ಇಳಿಜಾರೊಂದರಲ್ಲಿ ಸುರಿದು ಬಂದರು. ಪೊಲೀಸ್ ಮುಖ್ಯಸ್ಥ ವಿಲಿಯಂ ಓಬನ್‌ಹೈನ್ ಪತ್ತೆಹಚ್ಚಿ ಬಂಧಿಸಿದ, ಆಲಿಸ್ ಬಿಡಿಸಿಕೊಂಡು ಬಂದಳು, ನ್ಯಾಯಾಲಯ ತಲಾ 25 ಡಾಲರ್ ದಂಡ ಹಾಕಿತು. ಕಸವನ್ನು ಅವರೇ ಎತ್ತಬೇಕಾಯಿತು.

ಇಷ್ಟೇ ಆಗಿದ್ದರೆ ಇದು ಊರ ಹರಟೆಯಾಗಿ ಮುಗಿಯುತ್ತಿತ್ತು. ಆರ್ಲೊ ಇದಕ್ಕೆ ಎರಡನೆಯ ಕಥೆಯೊಂದನ್ನು ಬೆಸೆದ. ವಿಯೆಟ್ನಾಂ ಯುದ್ಧಕ್ಕೆ ಕಡ್ಡಾಯವಾಗಿ ಸೈನಿಕರನ್ನು ಆರಿಸುವ ‘ಡ್ರಾಫ್ಟ್’ ಕಾಲ. ನ್ಯೂಯಾರ್ಕಿನ ವೈಟ್‌ಹಾಲ್ ಸ್ಟ್ರೀಟಿನ ಕಚೇರಿಗೆ ಹಾಡಿನ ನಾಯಕನನ್ನು ಕರೆಸುತ್ತಾರೆ. ಮೈ ತಪಾಸಣೆ, ಮನಸ್ಸಿನ ತಪಾಸಣೆ ಎಲ್ಲ ಮುಗಿದ ಮೇಲೆ ಎಂದಾದರೂ ಬಂಧನವಾಗಿದೆಯೇ ಎಂದು ಕೇಳುತ್ತಾರೆ. ಕಸದ ಕಥೆ ಹೊರಬೀಳುತ್ತದೆ. ಶೀಲ ಸಂಶಯಾಸ್ಪದವಾದವರನ್ನು ಕೂರಿಸುವ ‘ಗ್ರೂಪ್ ಡಬ್ಲ್ಯು’ ಬೆಂಚಿಗೆ ಅವನನ್ನು ಅಟ್ಟುತ್ತಾರೆ. ಕಸ ಚೆಲ್ಲಿದವನಿಗೆ ಊರಿಗೆ ಊರೇ ಸುಡುವಷ್ಟು ನೈತಿಕತೆ ಇದೆಯೇ ಎಂಬ ಪ್ರಶ್ನೆ ಎದ್ದು ನಿಲ್ಲುವುದು ಆ ಬೆಂಚಿನ ಮೇಲೆ.

ರಚನೆಯ ಬಗ್ಗೆ ಒಂದು ಮಾತು. ಇದು ಹಾಡು ಎನ್ನುವುದಕ್ಕಿಂತ ಮಾತು. ಗಿಟಾರಿನ ಮೇಲೆ ಬೆರಳುಗಳು ಒಂದೇ ಸುತ್ತನ್ನು ನುಡಿಸುತ್ತಲೇ ಇರುತ್ತವೆ, ಅದರ ಮೇಲೆ ಕಥೆ ನಡೆಯುತ್ತದೆ. ಪಲ್ಲವಿ ಬರುವುದು ಅಪರೂಪಕ್ಕೆ, ಅದೂ ಆಲಿಸಳ ಹೋಟೆಲಿನ ಜಾಹೀರಾತಿನಂತೆ. ಆರ್ಲೊನ ತಂದೆ ವುಡಿ ಗತ್ರಿ ಪಳಗಿಸಿದ್ದ ‘ಟಾಕಿಂಗ್ ಬ್ಲೂಸ್’ ಎಂಬ ಪ್ರಕಾರದ ಹಿಗ್ಗಿಸಿದ ರೂಪ ಇದು. ಹರಿಕಥೆ ಕೇಳಿ ಬೆಳೆದ ನಮಗೆ ಇದರ ಗುಟ್ಟು ಬೇಗ ತಿಳಿಯುತ್ತದೆ: ದಾಸರು ಉಪಕಥೆಗೆ ಇಳಿದು ಎಷ್ಟು ದೂರ ಹೋದರೂ ತಾಳ ಕೈಬಿಡುವುದಿಲ್ಲ, ಸಭೆಯೂ ಎದ್ದು ಹೋಗುವುದಿಲ್ಲ. ಧ್ವನಿಮುದ್ರಣವನ್ನು ಸಭಿಕರ ಎದುರೇ ಮಾಡಿರುವುದರಿಂದ ಅವರ ನಗೆ ಹಾಡಿನ ಭಾಗವೇ ಆಗಿದೆ.

ನ್ಯಾಯಾಲಯದ ಭಾಗವನ್ನು ತುಸು ಹತ್ತಿರದಿಂದ ನೋಡಬೇಕು. ಪೊಲೀಸರು ಕಸದ ರಾಶಿಯ ಇಪ್ಪತ್ತೇಳು ದೊಡ್ಡ ಬಣ್ಣದ ಫೋಟೊ ತೆಗೆದು, ಒಂದೊಂದರ ಮೇಲೂ ವೃತ್ತ, ಬಾಣದ ಗುರುತು ಹಾಕಿ, ಹಿಂದೆ ವಿವರಣೆ ಬರೆದು ತಂದಿದ್ದಾರೆ. ನ್ಯಾಯಾಧೀಶ ಒಳಗೆ ಬರುತ್ತಾನೆ. ಜೊತೆಗೆ ದಾರಿ ತೋರುವ ನಾಯಿ. ನ್ಯಾಯಾಧೀಶನಿಗೆ ಕಣ್ಣು ಕಾಣದು. ಪೊಲೀಸ್ ಅಧಿಕಾರಿ ನಾಯಿಯನ್ನು ನೋಡುತ್ತಾನೆ, ಫೋಟೊಗಳನ್ನು ನೋಡುತ್ತಾನೆ, ಮತ್ತೆ ನಾಯಿಯನ್ನು ನೋಡುತ್ತಾನೆ. ಇದು ಕವಿಯ ಕಲ್ಪನೆಯಲ್ಲ. ನ್ಯಾಯಾಧೀಶ ಜೇಮ್ಸ್ ಹ್ಯಾನನ್ ನಿಜಕ್ಕೂ ಅಂಧರು. 1969ರಲ್ಲಿ ಆರ್ಥರ್ ಪೆನ್ ಇದೇ ಕಥೆಯನ್ನು ಸಿನಿಮಾ ಮಾಡಿದಾಗ ಅವರೂ ಓಬನ್‌ಹೈನರೂ ತಮ್ಮ ಪಾತ್ರಗಳನ್ನು ತಾವೇ ಮಾಡಿದರು. ಆದರೆ ಈ ದೃಶ್ಯಕ್ಕೆ ಬೇಕಾದದ್ದು ಸಮಯ. ಫೋಟೊಗಳ ವರ್ಣನೆಯನ್ನು ಮತ್ತೆ ಮತ್ತೆ, ಅದೇ ಪದಗಳಲ್ಲಿ, ಸರ್ಕಾರಿ ಕಡತದ ಶೈಲಿಯಲ್ಲಿ ಕೇಳಿಸದೆ ಹೋದರೆ ನಾಯಿ ಬಂದಾಗ ನಗೆ ಬರುವುದಿಲ್ಲ. ಹಾಡಿನ ಉದ್ದವೇ ಅದರ ಪ್ರತಿಭಟನೆ. ಕಚೇರಿ ಜನರನ್ನು ಕಾಯಿಸಿದಂತೆಯೇ ಹಾಡು ಕೇಳುಗನನ್ನು ಕಾಯಿಸುತ್ತದೆ.

ಹಾಗಾಗಿ ‘ತುಂಬ ಉದ್ದ’ ಎಂಬ ದೂರನ್ನು ನಾನು ಅರಸಿಕರ ಗೊಣಗು ಎಂದು ತಳ್ಳಿಹಾಕಲಾರೆ. ಬೇಸರಗೊಂಡು ಚಾನೆಲ್ ಬದಲಿಸುವವನಿಗೆ ಹಾಡು ತಟ್ಟಿದೆ. ಅವನು ಬೆಂಚಿನಿಂದ ಎದ್ದು ಹೋಗಿದ್ದಾನೆ, ಅಷ್ಟೆ. ಅಕ್ಷರ ಅಕ್ಷರ ಬಾಯಿಪಾಠವಾಗಿ, ಗಾಯಕನ ಜೊತೆಗೇ ನಗುವ ಭಕ್ತನಿಗಿಂತ ಅವನೇ ಹಾಡಿಗೆ ಹತ್ತಿರದವನು ಎಂದು ಕೆಲವೊಮ್ಮೆ ಅನಿಸುತ್ತದೆ.

ಈ ಪ್ರೀತಿ ಮತ್ತು ಬೇಸರ ಜೊತೆಜೊತೆಗೇ ಹುಟ್ಟಿದವು. ನ್ಯೂಯಾರ್ಕಿನ ಡಬ್ಲ್ಯುಬಿಎಐ ಕೇಳುಗರ ದೇಣಿಗೆಯಿಂದ ನಡೆಯುವ ಕೇಂದ್ರ. ಅಲ್ಲಿ ಬಾಬ್ ಫಾಸ್ ನಡೆಸುತ್ತಿದ್ದ ‘ರೇಡಿಯೊ ಅನ್‌ನೇಮಬಲ್’ ಎಂಬ ತಡರಾತ್ರಿಯ ಕಾರ್ಯಕ್ರಮದಲ್ಲಿ, ಧ್ವನಿಮುದ್ರಿಕೆ ಹೊರಬರುವ ಮೊದಲೇ, ಆರ್ಲೊ ಇದನ್ನು ಹಾಡಿದ್ದ. ಬೇಡಿಕೆ ಎಷ್ಟಿತ್ತೆಂದರೆ ದೊಡ್ಡ ಮೊತ್ತದ ದೇಣಿಗೆ ಬಂದರೆ ಮಾತ್ರ ಹಾಡು ಹಾಕುವ ಪದ್ಧತಿ ಬಂತು. ಫಾಸ್ ಒಮ್ಮೊಮ್ಮೆ ಇದನ್ನು ತಲೆಕೆಳಗು ಮಾಡಿ, ಹಾಡು ನಿಲ್ಲಿಸಬೇಕಾದರೆ ಹಣ ಕೊಡಿ ಎನ್ನುತ್ತಿದ್ದ. ಕೇಳಲು ಒಂದು ಬೆಲೆ, ಕೇಳದಿರಲು ಇನ್ನೊಂದು ಬೆಲೆ! ಕೇಳುಗರ ಇಬ್ಬಂದಿತನಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ನನಗೆ ಸಿಕ್ಕಿಲ್ಲ.

1967ರ ಅಕ್ಟೋಬರಿನಲ್ಲಿ ರಿಪ್ರೈಸ್ ಕಂಪನಿ ಹೊರತಂದ ಎಲ್‌ಪಿಯ ಒಂದು ಇಡೀ ಬದಿ ಈ ಹಾಡಿಗೇ ಮೀಸಲಾಯಿತು. ಅದೇ ತಿಂಗಳ 3ರಂದು ವುಡಿ ಗತ್ರಿ ತೀರಿಕೊಂಡಿದ್ದರು. ಮೂರು ನಿಮಿಷದ ಹಾಡುಗಳನ್ನೇ ತಿರುಗಿಸುತ್ತಿದ್ದ ಎಎಂ ಕೇಂದ್ರಗಳಲ್ಲಿ ಇಂಥದ್ದಕ್ಕೆ ಜಾಗವಿರಲಿಲ್ಲ. ಆದರೆ ಎಎಂ ಕಾರ್ಯಕ್ರಮವನ್ನೇ ಎಫ್‌ಎಂನಲ್ಲಿ ನಕಲು ಮಾಡುವುದಕ್ಕೆ ಅದೇ ವರ್ಷ ಸರ್ಕಾರಿ ನಿಯಮ ಕಡಿವಾಣ ಹಾಕಿದ್ದರಿಂದ, ಎಫ್‌ಎಂ ಕೇಂದ್ರಗಳಿಗೆ ಹೊಸ ಸರಕು ಬೇಕಾಗಿತ್ತು. ಎಲ್‌ಪಿಯ ಒಂದು ಬದಿಯನ್ನು ಪೂರ್ತಿ ಹಾಕುವ ಸ್ವಾತಂತ್ರ್ಯ ಹುಟ್ಟಿದ್ದು ಹೀಗೆ. ಮುಂದೆ ಆ ಕೇಂದ್ರಗಳೂ ಬಿಗಿ ಪಟ್ಟಿಗಳಿಗೆ ಒಗ್ಗಿಕೊಂಡವು. ಹಳೆಯ ಸ್ವಾತಂತ್ರ್ಯದ ಶ್ರಾದ್ಧದಂತೆ ವರ್ಷಕ್ಕೊಂದು ದಿನ ಉಳಿಯಿತು.

ಈಗ ಬೆಸುಗೆಯ ವಿಷಯ. ಹಾಡಿನ ಮೊದಲರ್ಧದಲ್ಲಿ ಯುದ್ಧದ ಸುಳಿವಿಲ್ಲ. ಹಬ್ಬ, ಊಟ, ಕಸ, ಪೊಲೀಸ್. ನಡುವೆ ಒಂದೆಡೆ ಕಥೆಗಾರ ನಿಂತು, ತಾನು ಹೇಳಹೊರಟಿದ್ದು ಇದಲ್ಲ, ಡ್ರಾಫ್ಟಿನ ವಿಷಯ ಎನ್ನುತ್ತಾನೆ. ಹಬ್ಬಕ್ಕೆ ಸಂಬಂಧವಿರುವುದು ಮೊದಲರ್ಧಕ್ಕೆ ಮಾತ್ರ. ಪ್ರತಿಭಟನೆ ಇರುವುದು ಎರಡನೆಯದರಲ್ಲಿ. ನೆಂಟರ ಮನೆಗೆ ಕಾರಿನಲ್ಲಿ ಹೊರಟವನು ಹತ್ತು ನಿಮಿಷದಲ್ಲಿ ತಲುಪಿಬಿಟ್ಟರೆ ಅವನ ಪಾಲಿಗೆ ಇದು ಕಸದ ಹಾಡು. ತಡವಾಗಿ ರೇಡಿಯೊ ಹಾಕಿದವನಿಗೆ ಸೈನ್ಯದ ಹಾಡು. ಇಬ್ಬರೂ ಊಟದ ಮೇಜಿನ ಮುಂದೆ ಕೂತು ವಾದಿಸಿದರೆ ಅದು ಒಂದೇ ಹಾಡಿನ ಬಗೆಗಿನ ವಾದವಲ್ಲ.

ಎರಡನೆಯ ಅರ್ಧ ಕೇಳಿದವರಲ್ಲೂ ಒಮ್ಮತವಿಲ್ಲ. 1964ರಿಂದ 1973ರವರೆಗೆ ಡ್ರಾಫ್ಟಿನ ಮೂಲಕ 18 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಂಡರು. ಯುದ್ಧದಲ್ಲಿ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ವಿಯೆಟ್ನಾಮೀಯರ ಲೆಕ್ಕ ಇದರ ಎಷ್ಟೋ ಪಟ್ಟು. ಕಾಲೇಜಿನಲ್ಲಿದ್ದವರಿಗೆ ವಿನಾಯಿತಿ ಸಿಗುತ್ತಿದ್ದ ಕಾಲದಲ್ಲಿ ಹೋಗಲೇಬೇಕಾಗಿದ್ದವರು ಬಹುಮಟ್ಟಿಗೆ ಕೂಲಿಕಾರರ, ಬಡವರ ಮಕ್ಕಳು. ಅಣ್ಣನನ್ನು ಕಳೆದುಕೊಂಡ ಮನೆಯಲ್ಲಿ ತಪ್ಪಿಸಿಕೊಂಡವನ ತಮಾಷೆ ಬೇರೆಯೇ ದನಿಯಲ್ಲಿ ಕೇಳಿಸೀತು. ಆರ್ಲೊ ಮುಂದೆ ಇದು ಯುದ್ಧದ ವಿರುದ್ಧ ಎನ್ನುವುದಕ್ಕಿಂತ ಮೂರ್ಖತನದ ವಿರುದ್ಧದ ಹಾಡು ಎಂದು ಹೇಳಿದ್ದುಂಟು. ಜಾಣ ಮಾತು, ಆದರೆ ಹಾಡಿನ ಹಲ್ಲು ಕಿತ್ತಂತೆ. ತಾನು ರಿಪಬ್ಲಿಕನ್ ಪಕ್ಷದಲ್ಲಿ ನೋಂದಾಯಿಸಿಕೊಂಡಿದ್ದೇನೆ ಎಂದು 2009ರಲ್ಲಿ ಆತ ಹೇಳಿದಾಗ ಹಳೆಯ ಅಭಿಮಾನಿಗಳು ಗಲಿಬಿಲಿಗೊಂಡರೆ ಆಶ್ಚರ್ಯವಿಲ್ಲ.

ಇನ್ನೊಂದು ಮುಳ್ಳು, ಹಾಡಿನ ಕೊನೆಯ ಭಾಗದಲ್ಲಿ ಬರುವ ಸಲಿಂಗಿಗಳನ್ನು ಕುರಿತ ಹೀನಾಯದ ಪದ. ಸೈನ್ಯ ಯಾರನ್ನು ಯಾಕೆ ಬೇಡವೆನ್ನುತ್ತಿತ್ತು ಎಂಬ ವ್ಯಂಗ್ಯದೊಳಗೆ ಆ ಪದ ಬರುತ್ತದೆ, ಗುರಿ ಸೈನ್ಯದ ಪೂರ್ವಗ್ರಹ. ನಿಜ. ಆದರೆ ನಗೆ ಹುಟ್ಟುವುದು ಯಾರ ಬೆಲೆಯ ಮೇಲೆ? ಮಕ್ಕಳು ಮರಿ ಕೂತ ಕೋಣೆಯಲ್ಲಿ ಆ ಪದವನ್ನು ತನ್ನ ಮೇಲೆ ಎಸೆಸಿಕೊಂಡು ಬೆಳೆದವನೊಬ್ಬನೂ ಕೂತಿರಬಹುದು. ಇದನ್ನು ಅತಿಸೂಕ್ಷ್ಮತೆ ಎಂದು ನಗುವವರ ಜೊತೆ ನಾನಿಲ್ಲ. ಕತ್ತರಿಸಿ ಹಾಕಬೇಕೆನ್ನುವವರ ಜೊತೆಯೂ ಇಲ್ಲ. ನಿರೂಪಕ ಮೊದಲೇ ಎರಡು ಮಾತು ಹೇಳಿ, ಪೂರ್ತಿ ಹಾಕುವುದು ಮೇಲು.

ಇವೆಲ್ಲಕ್ಕಿಂತ ಆಳದ ತಕರಾರೊಂದಿದೆ. ಈ ಹಬ್ಬದ ಹಾಡು ಎಲ್ಲವನ್ನೂ ಪ್ರಶ್ನಿಸುತ್ತದೆ, ಹಬ್ಬವೊಂದನ್ನು ಬಿಟ್ಟು. 1970ರಲ್ಲಿ ಅದೇ ಮ್ಯಾಸಚೂಸೆಟ್ಸಿನ ಪ್ಲಿಮತ್‌ನಲ್ಲಿ, ವಲಸಿಗರು ಬಂದಿಳಿದ 350ನೆಯ ವರ್ಷಾಚರಣೆಗೆ ವಾಂಪನೋಗ್ ಬುಡಕಟ್ಟಿನ ವಾಮ್ಸುಟ್ಟಾ ಫ್ರಾಂಕ್ ಜೇಮ್ಸ್ ಅವರನ್ನು ಭಾಷಣಕ್ಕೆ ಕರೆದು, ಬರೆದದ್ದನ್ನು ಓದಿ ನೋಡಿದ ಮೇಲೆ ಸಂಘಟಕರು ಬೇಡವೆಂದರು. ಆ ವರ್ಷದಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ದಿನ ಪ್ಲಿಮತ್ತಿನ ಕೋಲ್ಸ್ ಹಿಲ್‌ನಲ್ಲಿ ಮೂಲನಿವಾಸಿಗಳು ರಾಷ್ಟ್ರೀಯ ಶೋಕದಿನ ಆಚರಿಸುತ್ತಿದ್ದಾರೆ. ಕಸ ಸುರಿದ ಸ್ಟಾಕ್‌ಬ್ರಿಜ್ ಕೂಡ 1730ರ ದಶಕದಲ್ಲಿ ಮೊಹಿಕನ್ ಜನರಿಗಾಗಿ ಮಿಷನರಿಗಳು ಕಟ್ಟಿದ ಊರು. ಅವರ ವಂಶಸ್ಥರು ಈಗ ಬಹು ದೂರದ ವಿಸ್ಕಾನ್ಸಿನ್‌ನಲ್ಲಿದ್ದಾರೆ. ಒಂದು ಇಳಿಜಾರಿನ ಕಸಕ್ಕೆ ಇಪ್ಪತ್ತೇಳು ಫೋಟೊ ತೆಗೆದ ಊರಿನಲ್ಲಿ ಆ ಎತ್ತಂಗಡಿಗೆ ದಂಡ ಕಟ್ಟಿದವರಿಲ್ಲ. ಹಾಡು ಇದನ್ನು ಹೇಳುವುದಿಲ್ಲ. 1967ರ ಹುಡುಗನೊಬ್ಬ ಹೇಳಬೇಕಿತ್ತು ಎನ್ನುವುದು ಅನ್ಯಾಯವೇ, ಆದರೂ ಇಂದಿನ ಕೇಳುಗನ ಕಿವಿಗೆ ಆ ಮೌನ ಬೀಳುತ್ತದೆ.

ಬದಲಾಯಿಸಿದರೆ ಏನಾಗುತ್ತದೆ? ಇದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆಯಿದೆ. ಮಹಾಲಯದ ನಸುಕಿನಲ್ಲಿ ಬೀರೇಂದ್ರಕೃಷ್ಣ ಭದ್ರರ ಕಂಠದಲ್ಲಿ ‘ಮಹಿಷಾಸುರಮರ್ದಿನಿ’ ಕೇಳುವುದು 1930ರ ದಶಕದಿಂದ ಬಂಗಾಳದ ಮನೆಮನೆಯ ವಾಡಿಕೆ. 1976ರಲ್ಲಿ ಆಕಾಶವಾಣಿ ಅದನ್ನು ತೆಗೆದು, ಜನಪ್ರಿಯ ನಟ ಉತ್ತಮ್ ಕುಮಾರ್ ದನಿಯ ಹೊಸ ಕಾರ್ಯಕ್ರಮ ಹಾಕಿತು. ಕೇಳುಗರು ಸಿಟ್ಟಿಗೆದ್ದರು, ಹಳೆಯದನ್ನೇ ಮರಳಿ ತರಬೇಕಾಯಿತು. ಅಲ್ಲಿ ಇದ್ದದ್ದು ಸ್ತೋತ್ರ, ಇಲ್ಲಿ ಇರುವುದು ಚೇಷ್ಟೆ. ಆದರೆ ರೇಡಿಯೊದಲ್ಲಿ ವರ್ಷಕ್ಕೊಮ್ಮೆ ಬರುವುದು ಕೇಂದ್ರದ ಸ್ವತ್ತಾಗಿ ಉಳಿಯುವುದಿಲ್ಲ ಎಂಬುದು ಎರಡೂ ಕಡೆ ಒಂದೇ. ಪ್ರತಿಭಟನೆ ಆಚಾರವಾದಾಗ ಮೊಂಡಾಗುತ್ತದೆ ಎಂಬ ಮಾತಿದೆ. ಈ ಹಾಡಿನ ಮಟ್ಟಿಗೆ ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಆಚಾರವಾಗದಿದ್ದರೆ ಯಾವ ವಾಣಿಜ್ಯ ಕೇಂದ್ರ ಇಂಥದ್ದಕ್ಕೆ ಹದಿನೆಂಟೂವರೆ ನಿಮಿಷ ಬಿಟ್ಟುಕೊಡುತ್ತಿತ್ತು?

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2017ರ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಈ ಹಾಡನ್ನು ಸೇರಿಸಿತು. ಹಳೆಯ ಚರ್ಚನ್ನು ಆರ್ಲೊ 1990ರ ದಶಕದ ಆರಂಭದಲ್ಲಿ ಕೊಂಡು ಗತ್ರಿ ಸೆಂಟರ್ ಮಾಡಿದ. ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ದಿನ ಊರವರಿಗೆ ಊಟ ಹಾಕುತ್ತಾರೆ.

ಇನ್ನು ಆಲಿಸ್. ಹೋಟೆಲಿನ ಹೆಸರು ‘ದಿ ಬ್ಯಾಕ್ ರೂಮ್’, ಅದು ನಡೆದದ್ದು ಸುಮಾರು ಒಂದು ವರ್ಷ. ಸಿನಿಮಾ ತನ್ನನ್ನು ತೋರಿಸಿದ ರೀತಿ ಅವರಿಗೆ ಹಿಡಿಸಿರಲಿಲ್ಲ. ಬಯಸದೆ ಬಂದ ಖ್ಯಾತಿಯ ಜೊತೆ ರಾಜಿಯಾಗಲು ಬಹುಕಾಲ ಬೇಕಾಯಿತು. ಊಟವಾದ ಮೇಲೆ ಎಲ್ಲರೂ ಕೂತು ಹಾಡಿನ ಮೊದಲರ್ಧವನ್ನು ಒಟ್ಟಿಗೆ ಕಟ್ಟಿದೆವು, ಡ್ರಾಫ್ಟಿನ ಭಾಗ ಆರ್ಲೊ ಒಬ್ಬನದೇ ಎಂದು ಅವರು ನೆನಪಿಸಿಕೊಂಡಿದ್ದರು. ಆಲಿಸ್ ಬ್ರಾಕ್ 2024ರ ನವೆಂಬರ್ 21ರಂದು, 83ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ಬಿದ್ದದ್ದು ಸರಿಯಾಗಿ ಒಂದು ವಾರದ ನಂತರ, 28ಕ್ಕೆ.