ಏನಿದು ‘ಲೆಮನ್ಸ್’ ರೇಸ್? ಇಲ್ಲಿ ಗುಜರಿ ಕಾರೇ ಹೀರೋ!

ಕಾರ್ ರೇಸ್ ಅಂದ್ರೆ ಕೋಟಿ ಕೋಟಿ ದುಡ್ಡಿನ ಆಟ ಅಂದ್ಕೊಂಡಿದ್ದೀರಾ? ಅಮೆರಿಕದ ‘24 ಅವರ್ಸ್ ಆಫ್ ಲೆಮನ್ಸ್’ ಇದಕ್ಕೆ ಪೂರ್ತಿ ಉಲ್ಟಾ. ಫ್ರಾನ್ಸ್‌ನ ಖ್ಯಾತ ‘ಲೆ ಮಾನ್ಸ್’ ರೇಸ್‌ನ ಹೆಸರನ್ನು ತಮಾಷೆಗೆ ತಿರುಚಿ, ಜೇ ಲ್ಯಾಮ್ ಎಂಬುವರು 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ್ದು. ಪದೇ ಪದೇ ಕೈಕೊಡೋ ಕಾರಿಗೆ ಅಲ್ಲಿ ‘ಲೆಮನ್’ ಅಂತಾರೆ.

ನಿಯಮ ಏನು?
ಕಾರಿನ ಬೆಲೆ 500 ಡಾಲರ್ ಮೀರಬಾರದು. ಸುರಕ್ಷತೆಗೆ ಬೇಕಾದ ರೋಲ್ ಕೇಜ್, ಬ್ರೇಕ್, ಟೈರ್ ಖರ್ಚು ಈ ಲೆಕ್ಕಕ್ಕಿಲ್ಲ. ಹೆಸರಲ್ಲಿ 24 ಗಂಟೆ ಇದ್ದರೂ ಹೆಚ್ಚಿನ ರೇಸ್‌ಗಳು ವಾರಾಂತ್ಯದ ಎರಡು ಹಗಲು ನಡೆಯುತ್ತವೆ. ಹೆಚ್ಚು ಸುತ್ತು ಹಾಕಿದವರಿಗೆ ಗೆಲುವು.

ಕಾರು ಕೆಡೋದು ಯಾಕೆ?
ಪೇಟೆಗೆ ಹೋಗಿ ಬರೋ ಎಂಜಿನ್ನನ್ನು ಗಂಟೆಗಟ್ಟಲೆ ಫುಲ್ ಆಕ್ಸಿಲರೇಟರ್‌ನಲ್ಲಿ ಓಡಿಸಿದರೆ ಹಳೇ ರೇಡಿಯೇಟರ್ ಬಿಸಿ ತಡೆಯಲ್ಲ. ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಉದ್ದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪ್‌ಗೆ ಸಿಗದಿದ್ದರೆ ಬೇರಿಂಗ್ ಸವೆದು ಎಂಜಿನ್ನೇ ಸೀಜ್. ಆಮೇಲೆ ರಾತ್ರಿಯಿಡೀ ರಿಪೇರಿ.

ಅತಿ ದೊಡ್ಡ ಗೌರವ ಮೊದಲು ಬಂದವರಿಗಲ್ಲ. ತೀರಾ ಕಳಪೆ ಕಾರನ್ನು ನಿರೀಕ್ಷೆ ಮೀರಿ ಓಡಿಸಿದ ತಂಡಕ್ಕೆ.

ನಮಗೂ ಇದೇ ಪಾಠ: ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿದರೆ ‘ಇನ್ನೇನು ಊರು ಬಂತು’ ಅನ್ನದೆ ಗಾಡಿ ನಿಲ್ಲಿಸಿ. ತಣ್ಣಗಾಗೋ ತನಕ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.